ದನಿ ಇಲ್ಲದ ಜಾಗ

ಕಿಟಕಿ ಪಕ್ಕದ ಸೀಟು ತಾನಾಗಿ ಸಿಕ್ಕಿದ್ದೇ ಅಮೃತೇಶನಿಗೆ ಒಳ್ಳೆಯದಲ್ಲ ಅನ್ನಿಸಿತು. ಸುತ್ತೂರಿನ ಮೇಲೆ ಟಿ. ನರಸೀಪುರಕ್ಕೆ ಹೋಗುವ ಆ ಖಾಸಗಿ ಬಸ್ಸಿಗೆ ನಂಜನಗೂಡಿನಲ್ಲಿ ಯಾವತ್ತೂ ನೂಕುನುಗ್ಗಲು. ಕಿಟಕಿಯಿಂದ ಟವೆಲು ಎಸೆದು ಜಾಗ ಹಿಡಿಯುವವರು, ಬಾಳೆಗೊನೆಗೊಂದು ಸೀಟು ತನಗೊಂದು ಸೀಟು ಎನ್ನುವವರು, ಅವರ ಜೊತೆ ಜಗಳಕ್ಕೆ ನಿಲ್ಲುವವರು. ಇವತ್ತು ಕಂಡಕ್ಟರೇ ಬಾಗಿಲಲ್ಲಿ ನಿಂತು, 'ಬನ್ನಿ ಕಂಪ್ಯೂಟರ್ ಸಾ, ಇಲ್ಲಿ ಕುಂತ್ಕಳಿ' ಎಂದು ಸೀಟಿನ ಧೂಳನ್ನು ಕೈಯಿಂದಲೇ ಒರೆಸಿದ. ಇಷ್ಟು ಮರ್ಯಾದೆಯಿಂದ ಕರೆದುಕೊಂಡು ಹೋಗುತ್ತಿದ್ದಾರೆ ಅಂದರೆ ಅಲ್ಲಿ ಕಾದಿರುವುದು ಮರ್ಯಾದೆಯಂತೂ ಅಲ್ಲ ಎಂದುಕೊಂಡ. ಮರುಗಳಿಗೆಯೇ, ಥೂ, ಇದೇನು ನಾನೂ ಅವ್ವನ ಹಾಗೆ ಶಕುನ ಹುಡುಕುವುದಕ್ಕೆ ಶುರುಮಾಡಿದೆನಲ್ಲ ಎಂದು ನಾಚಿಕೆಯಾಯಿತು. ಬಜಾರು ರಸ್ತೆಯಲ್ಲಿ ಕಂಪ್ಯೂಟರ್ ಸೆಂಟರ್ ತೆರೆದ ದಿನ ಬೂದುಗುಂಬಳಕಾಯಿ ಒಡೆಯಲೇಬೇಕೆಂದು ಹಟ ಹಿಡಿದ ಅವ್ವನನ್ನು, ಕುಂಕುಮದ ನೀರು ಹಾರಿದರೆ ಮೆಷಿನ್ನು ಸುಟ್ಟುಹೋಗುತ್ತದೆ ಎಂದು ಹೆದರಿಸಿ ಬಾಯಿ ಮುಚ್ಚಿಸಿದವನು ಅವನು. ರಾಹುಕಾಲ, ಹಲ್ಲಿ ಲೊಚಗುಟ್ಟುವುದು, ಒಂಟಿ ಸೀನು ಇವನ್ನೆಲ್ಲ ಗೇಲಿ ಮಾಡಿಕೊಂಡೇ ಮೂವತ್ತು ದಾಟಿದವನು. ಆದರೆ ಬೆಳಿಗ್ಗೆ ಫೋನು ಬಂದಾಗಿನಿಂದ ಕಾಲ್ಬೆರಳುಗಳು ತಣ್ಣಗಾಗಿದ್ದವು. ಜೂನ್ ತಿಂಗಳ ಸೆಕೆಯಲ್ಲೂ ಬೆಚ್ಚಗಾಗಿರಲಿಲ್ಲ.

ಫೋನು ಮಾಡಿದ್ದು ನರಸೀಪುರದ ಸಂಗಮ ಬೆಳೆಗಾರರ ಸಂಘದ ಕಾರ್ಯದರ್ಶಿ ಪುಟ್ಟಬಸವಯ್ಯ. 'ಅಮೃತೇಶ್, ಹಿಂಗಿಂದ ಹಿಂಗೇ ಹೊರಟು ಬನ್ನಿ. ಬಿತ್ತನೆ ಬೀಜದ ಸರದಿಗೆ ಬರೆಸಿದ್ದೋರ ಹೆಸ್ರು ಪೂರ್ತಾ ಹೋಗ್ಬಿಟ್ಟಿದೆ. ರೈತರು ಬಾಗ್ಲಲ್ಲಿ ಕೂತವ್ರೆ. ಆ ಕುರುಡು ಹುಡುಗಿ ಏನೋ ಒತ್ತಿಬಿಟ್ಟವಳೆ.' ಏನು ಒತ್ತಿದಳು ಎಂದು ಅಮೃತೇಶ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ರಿಸೀವರ್ ಇಟ್ಟು ತಿರುಗಿದರೆ ಹೆಂಡತಿ ಮಂಗಳಗೌರಿ ಚೌಕಟ್ಟಿಗೆ ಒರಗಿ, ಏಳು ತುಂಬಿದ ಬಸುರಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. 'ಯಾರು? ಏನಂತೆ?' 'ಏನೂ ಇಲ್ಲ. ಸಂಘದ ಮೆಷಿನ್ನು ಏನೋ ತಕರಾರು.' 'ರಂಜಿನಿಗೆ ಏನೂ ಆಗಿಲ್ಲ ತಾನೆ?' ಎಂದಳು. ಅವಳು ರಂಜಿನಿಯನ್ನು ಒಂದು ದಿನವೂ ಕಂಡವಳಲ್ಲ. ಆದರೂ ಮೊದಲು ಕೇಳಿದ್ದು ಅವಳನ್ನು. ಬಸ್ಸು ಹೊರಟು ಪೇಟೆಯ ಗದ್ದಲ ಹಿಂದೆ ಬಿದ್ದ ಮೇಲೂ ಆ ಪ್ರಶ್ನೆ ಚುಚ್ಚುತ್ತಲೇ ಇತ್ತು.

ರಂಜಿನಿ ಹುಟ್ಟುಕುರುಡಿ. ತಲಕಾಡಿನ ಕಡೆಯವಳು, ಅಪ್ಪ ಹುಚ್ಚಯ್ಯ ಕೂಲಿಯವನು. ಮೈಸೂರಿನಲ್ಲಿ ಟೈಪಿಂಗ್ ಕಲಿತು, ಅಂಗವಿಕಲರಿಗೆಂದು ಸಂಘದಲ್ಲಿ ಇಟ್ಟಿದ್ದ ಒಂದೇ ಒಂದು ಜಾಗಕ್ಕೆ ಬಂದು ಕೂತಿದ್ದಳು. ಹಳೆಯ ಕಂಪ್ಯೂಟರಿನಲ್ಲಿ ಅವಳಿಗೆ ಯಾವ ತೊಡಕೂ ಇರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಬರೀ ಅಕ್ಷರ. ಪಕ್ಕದಲ್ಲಿದ್ದ ಮಾತಾಡುವ ಪೆಟ್ಟಿಗೆಯೊಂದು ಆ ಅಕ್ಷರಗಳನ್ನು ಮೂಗಿನಲ್ಲಿ ಓದಿ ಹೇಳುತ್ತಿತ್ತು, ಅವಳು ಕೇಳಿ ಒತ್ತುತ್ತಿದ್ದಳು. ಆಮೇಲೆ ವಿಂಡೋಸ್ ಬಂತು. ಅಕ್ಷರ ಹೋಗಿ ಚಿತ್ರ ಬಂತು. ಕಡತದ ಚಿತ್ರ, ಕತ್ತರಿಯ ಚಿತ್ರ, ಕಸದ ಬುಟ್ಟಿಯ ಚಿತ್ರ. ಮೌಸ್ ಹಿಡಿದು ಚಿತ್ರದ ಮೇಲೆ ಬಾಣ ಇಟ್ಟು ಒತ್ತಿದರೆ ಕೆಲಸ. ಎಲ್ಲರೂ, ಆಹಾ, ಎಷ್ಟು ಸುಲಭ ಅಂದರು. ಅವಳೊಬ್ಬಳ ಪಾಲಿಗೆ ಬಾಗಿಲು ಮುಚ್ಚಿತು, ಪೆಟ್ಟಿಗೆಯ ಬಾಯಿ ಕಟ್ಟಿಹೋಯಿತು. ಪುಟ್ಟಬಸವಯ್ಯನಿಗೆ ಅದೇ ಬೇಕಾಗಿತ್ತು. ಅವನ ಅಣ್ಣನ ಮಗಳು ನಂದಿತಾ ಅಮೃತೇಶನ ಸೆಂಟರಿನಲ್ಲೇ ಕಲಿತು ಮನೆಯಲ್ಲಿ ಕೂತಿದ್ದಳು. ರಂಜಿನಿಯನ್ನು ಬಿಡಿಸಿ ನಂದಿತಾಳನ್ನು ಇಟ್ಟುಕೊಳ್ಳುವ ಮಾತೆದ್ದ ಸಭೆಯಲ್ಲಿ, ನಿರ್ದೇಶಕರೆಲ್ಲರ ಮುಂದೆ, ಅಮೃತೇಶ ಎದ್ದು ನಿಂತು, 'ಕಣ್ಣಿಲ್ಲದವರೂ ನಡೆಸೋ ಹಾಗೆ ಚಿತ್ರಗಳಿಗೇ ಮಾತು ಕಲಿಸಿಕೊಡ್ತೀನಿ' ಅಂದುಬಿಟ್ಟ. ಕರುಣೆಯಿಂದ ಅಂದನೇ? ಅದೂ ಸ್ವಲ್ಪ ಇತ್ತು. ಆದರೆ ಬೆಂಚಿನ ತುದಿಯಲ್ಲಿ ಕೂತಿದ್ದ ಆ ಹುಡುಗಿ ದನಿ ಬಂದ ಕಡೆ ಮುಖ ತಿರುಗಿಸಿ ಬಾಯಿ ಅರೆ ತೆರೆದದ್ದು, ನಿರ್ದೇಶಕರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು, ಆ ಗಳಿಗೆ ತಾನು ಎಲ್ಲರಿಗಿಂತ ಒಂದು ಗೇಣು ಎತ್ತರ ಬೆಳೆದ ಹಾಗೆ ಅನ್ನಿಸಿದ್ದು, ಇವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಉಪಾಯವೇನೋ ಸರಳ. ಮೌಸ್ ಬೇಡ. ಒಂದು ಕೀಲಿ ಒತ್ತುತ್ತ ಹೋದರೆ ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ಸರಿಯಬೇಕು, ಪ್ರತಿ ಚಿತ್ರವೂ ತನ್ನ ಹೆಸರನ್ನು ಕನ್ನಡದಲ್ಲಿ ಹೇಳಬೇಕು, ಬೇಕಾದ್ದು ಬಂದಾಗ ಎಂಟರ್ ಒತ್ತಬೇಕು. ಕನ್ನಡದಲ್ಲಿ ಚೆನ್ನಾಗಿ ಮಾತಾಡುವ ಮೆಷಿನ್ನು ಅವನ ಕೈಗೆಲ್ಲಿ ಸಿಗಬೇಕು? ಮನುಷ್ಯರ ದನಿಯನ್ನೇ ತುಂಬಬೇಕಾಯಿತು. ಮಂಗಳಗೌರಿ ಸುತ್ತೂರಿನ ಶಾಲೆಯಲ್ಲಿ ಓದುವಾಗ ದಿನಾ ಬೆಳಿಗ್ಗೆ ಪ್ರಾರ್ಥನೆ ಹೇಳಿಸುತ್ತಿದ್ದವಳು. ಅವಳ ದನಿ ತಿಳಿಯಾಗಿತ್ತು, ಸ್ಪಷ್ಟವಾಗಿತ್ತು. ನಡುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನು ಆರಿಸಿ, ಇಬ್ಬರೂ ಬೆವರುತ್ತ ಕೂತರು. ಹೊಸ ಹೆಸರು. ಹುಡುಕು. ಉಳಿಸು. ಮುಂದಿನವರು. ಚೀಟಿ ಕೊಡು. ಹೆಸರುಗಳನ್ನು ಓದಿ ಹೇಳುವುದಕ್ಕೆ ಅ ಆ ಇ ಈ ಇಂದ ಹಿಡಿದು ಕಾಗುಣಿತವೆಲ್ಲ. ಒಂದನೇ ಕ್ಲಾಸಿನ ಮಕ್ಕಳ ಹಾಗೆ ಕಾಗುಣಿತ ಹೇಳುತ್ತ ಅವಳಿಗೆ ನಗು ಬಂದು, ಅವನಿಗೂ ಬಂದು, ಎಷ್ಟೋ ಸಲ ನಿಲ್ಲಿಸಿ ಮತ್ತೆ ಶುರುಮಾಡಿದ್ದರು. ಮುಗಿಸು ಎನ್ನುವುದಕ್ಕೆ ಅವಳು ಒಪ್ಪಲಿಲ್ಲ. 'ಯಾರಾದ್ರೂ ಮನೆಯಿಂದ ಹೊರಡುವಾಗ ಹೋಗ್ತೀನಿ ಅಂತಾರೇನ್ರೀ? ಬರ್ತೀನಿ ಅಂತಾರೆ' ಎಂದು 'ನಾಳೆ ಬರ್ತೀನಿ' ಅಂದಳು. ಅದೇ ಇರಲಿ ಅಂದ. ಕೊನೆಗೆ ಉಳಿದದ್ದು ಕಸದ ಬುಟ್ಟಿ. ಹಂಗಾಮು ಮುಗಿದ ಮೇಲೆ ಹಳೆಯ ಸರದಿಯನ್ನು ಪೂರ್ತಿ ತೆಗೆದುಹಾಕುವುದಕ್ಕೆ ಇಟ್ಟ ಚಿತ್ರ ಅದು. 'ಅಳಿಸು ಅನ್ನು' ಎಂದ.

ಅವಳ ಮುಖದ ನಗು ಅಲ್ಲೇ ನಿಂತಿತು. ಮೊದಲಿನ ಬಸುರು ಆರನೇ ತಿಂಗಳಲ್ಲಿ ಹೋಗಿತ್ತು. ಆಮೇಲೆ ಆ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಆಸ್ಪತ್ರೆಯಿಂದ ಆಟೋದಲ್ಲಿ ಬರುವಾಗ ಅವಳು ದಾರಿಯುದ್ದಕ್ಕೂ ಬೋರ್ಡುಗಳನ್ನು ಜೋರಾಗಿ ಓದುತ್ತಿದ್ದಳು, ಅವನು ಓದಲಿ ಎಂದು ಬಿಟ್ಟಿದ್ದ, ಅಷ್ಟೆ. 'ಬೇಡ ಕಣ್ರೀ. ಈ ಒಂದು ಮಾತು ನನ್ನ ಬಾಯಲ್ಲಿ ಆಡಿಸಬೇಡಿ' ಎಂದಳು. ಬಾಗಿಲಾಚೆ ನಿಂತಿದ್ದ ಅವ್ವ ಒಳಗೇ ಬಂದಳು. 'ಬಸುರಿ ಬಾಯಿಂದ ಆ ಮಾತು ಹೊರಡಿಸಬ್ಯಾಡ ಕಣಪ್ಪ. ನೀನೂ ಆಡಬ್ಯಾಡ. ಬಸುರಿ ಗಂಡ ಅಂದ್ಮೇಲೆ ಕಾಯಿ ಒಡೆಯೋಂಗಿಲ್ಲ, ಹಳ್ಳ ತೋಡೋಂಗಿಲ್ಲ. ಅಳಿಸು ಅಳಿಸು ಅಂತ ದಿನಾ ಒದರೋ ಮೆಷಿನ್ನಿಗೆ ದನಿ ಕೊಡ್ತಾರಾ ಯಾರಾದ್ರೂ?' ಅವನು ಗಟ್ಟಿಯಾಗಿ ನಕ್ಕ. ನಕ್ಕು, ಸರಿ ನಾನೇ ಸೆಂಟರಿನಲ್ಲಿ ರೆಕಾರ್ಡ್ ಮಾಡ್ಕೋತೀನಿ ಬಿಡಿ ಎಂದ. ಮಧ್ಯಾಹ್ನ ಸೆಂಟರಿನಲ್ಲಿ ಯಾರೂ ಇಲ್ಲದಾಗ ಮೈಕು ಬಾಯಿಗೆ ಹಿಡಿದ. ಅಯ್ಯೋ, ಮೂರಕ್ಷರ. ನಾಲಿಗೆ ಏಳಲಿಲ್ಲ. ಗಂಟಲು ಸರಿಮಾಡಿಕೊಂಡ, ಎದ್ದು ನೀರು ಕುಡಿದ, ಮತ್ತೆ ಹಿಡಿದ. ಆಮೇಲೆ ಮೈಕಿನ ತಂತಿ ಸುತ್ತಿಟ್ಟು, ಹೆರಿಗೆ ಆಗಲಿ, ಮುಂದಿನ ಹಂಗಾಮಿಗೆ ಸೇರಿಸಿದರಾಯಿತು ಎಂದುಕೊಂಡ. ಕಲಿಯಲು ಬರುವ ಹುಡುಗರಲ್ಲಿ ಯಾರನ್ನಾದರೂ ಕರೆದು ಹೇಳಿಸಬಹುದಿತ್ತು. ನೀವೇ ಯಾಕೆ ಹೇಳಬಾರದು ಸಾರ್ ಎಂದು ಕೇಳಿದರೆ? ಹೀಗಾಗಿ ಕಸದ ಬುಟ್ಟಿ ಮೂಕವಾಗಿಯೇ ಉಳಿಯಿತು. ಅದನ್ನು ಒತ್ತಿದಾಗ 'ಎಲ್ಲ ಅಳಿಸಲೇ?' ಎಂದು ಪರದೆಯ ಮೇಲೆ ಬರುವ, ಇನ್ನೊಮ್ಮೆ ಒತ್ತಿದರೆ ಹೌದೆಂದು ತಿಳಿದುಕೊಳ್ಳುವ ಚೌಕವೂ ಮೂಕವಾಯಿತು. ಪರೀಕ್ಷೆ ಮಾಡುವಾಗ ಅವನು ಕಣ್ಣು ಬಿಟ್ಟುಕೊಂಡೇ ಕೂತಿದ್ದ. ದನಿ ಬಾರದ ಕಡೆ ಕಣ್ಣು ಓದಿಕೊಳ್ಳುತ್ತಿತ್ತು, ಎಲ್ಲ ಸರಿಯಾಗಿದೆ ಅನ್ನಿಸುತ್ತಿತ್ತು. ಮಾನಿಟರ್ ಆರಿಸಿ ಒಂದು ಸಲ ನಡೆಸಿ ನೋಡೋಣ ಎಂದು ಹೊಳೆಯಲೇ ಇಲ್ಲ.

ಊರಿನ ಕೊನೆಯ ಅಕ್ಕಿಗಿರಣಿ ದಾಟಿದ ಮೇಲೆ ಅವನು ಕಣ್ಣು ಮುಚ್ಚಿಕೊಂಡ. ನಿದ್ದೆಗಲ್ಲ, ನರಸೀಪುರದವರೆಗೂ ರಂಜಿನಿಯ ಹಾಗೆ ಹೋಗಿ ನೋಡೋಣ ಎಂದು. ಇದೊಂದು ಪ್ರಾಯಶ್ಚಿತ್ತವೇ ಎಂದು ಒಳಗಿನವನೊಬ್ಬ ಕೇಳಿದ, ಇವನು ಕೇಳಿಸಿಕೊಳ್ಳಲಿಲ್ಲ. ಮೊದಮೊದಲು ಎಲ್ಲ ಗೊತ್ತಾಗುತ್ತಿತ್ತು. ಇದು ತಿರುವು, ಇದು ಹಂಪು, ಇದು ಎಮ್ಮೆ ಅಡ್ಡ ಬಂದದ್ದು. ಆಮೇಲೆ ಹೊಳೆ ಬಲಕ್ಕಿದೆಯೋ ಎಡಕ್ಕಿದೆಯೋ ಎಂಬುದೇ ಮರೆತುಹೋಯಿತು. ಪಕ್ಕದಲ್ಲಿ ಯಾರೋ ಕೂತರು. ಗಂಡಸೋ ಹೆಂಗಸೋ ತಿಳಿಯಲಿಲ್ಲ, ಎಲೆಅಡಿಕೆಯ ವಾಸನೆ ಮಾತ್ರ ಬಂತು. ಆ ಯಾರೋ ತನ್ನನ್ನೇ ನೋಡುತ್ತಿದ್ದಾರೆ, ಮುಚ್ಚಿದ ರೆಪ್ಪೆಯ ಕೆಳಗಿರುವುದನ್ನು ಓದುತ್ತಿದ್ದಾರೆ ಎಂದು ಅನ್ನಿಸತೊಡಗಿತು. ಬಸ್ಸು ಗಕ್ಕನೆ ನಿಂತಿತು. ಯಾರೂ ಮಾತಾಡಲಿಲ್ಲ. ಯಾಕೆ ನಿಂತಿತು, ಯಾಕೆ ಎಲ್ಲರೂ ಸುಮ್ಮನಿದ್ದಾರೆ? ಆ ಮೌನ ಎಷ್ಟು ದೊಡ್ಡದಾಯಿತೆಂದರೆ ಅವನು ಹೆದರಿ ಕಣ್ಣು ಬಿಟ್ಟ. ಸುತ್ತೂರು. ಮಠದ ಶಾಲೆಯ ಹುಡುಗರು ಸಾಲಾಗಿ ರಸ್ತೆ ದಾಟುತ್ತಿದ್ದರು, ಡ್ರೈವರು ಬೀಡಿ ಹಚ್ಚಿಕೊಳ್ಳುತ್ತಿದ್ದ. ಪಕ್ಕದಲ್ಲಿ ಒಬ್ಬ ಮುದುಕ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಇಷ್ಟು ದೂರವನ್ನೂ ತಡೆಯಲಾಗಲಿಲ್ಲ ತನ್ನ ಕೈಯಲ್ಲಿ ಎಂದುಕೊಂಡು, ಮತ್ತೆ ಕಣ್ಣು ಮುಚ್ಚುವ ಧೈರ್ಯವಾಗದೆ, ಭತ್ತದ ಕೂಳೆ ನಿಂತ ಬಯಲನ್ನು ನೋಡುತ್ತ ಕೂತ.

ಮೆಷಿನ್ನು ಒಪ್ಪಿಸಿದ ದಿನ ಇದೇ ಬಯಲಿನಲ್ಲಿ ನೀರು ನಿಂತಿತ್ತು. ಸಂಘದಲ್ಲಿ ಎಲ್ಲರಿಗೂ ಖಾರಾಬಾತ್, ಟೀ. ರಂಜಿನಿ ಕುರ್ಚಿಯ ಮುಂತುದಿಯಲ್ಲಿ ಕೂತು ಕೀಲಿ ಒತ್ತುತ್ತ ಹೋದ ಹಾಗೆ ಮಂಗಳಗೌರಿಯ ದನಿ ಕೋಣೆ ತುಂಬಿತು. 'ಈ ಅಕ್ಕ ಯಾರು ಸಾ?' 'ನನ್ನ ಹೆಂಡತಿ.' 'ಮಧ್ಯ ಮಧ್ಯ ಉಸ್ರು ಎಳ್ಕತಾರೆ. ಬಸ್ರೀನಾ ಸಾ?' ಎಲ್ಲರೂ ಘೊಳ್ಳೆಂದರು, ಅವನಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಕೊನೆಯ ಚಿತ್ರ 'ನಾಳೆ ಬರ್ತೀನಿ' ಅಂದಾಗ ಅವಳು ಕೂಡಲೇ, 'ಬನ್ನಿ ಅಕ್ಕ' ಅಂದಳು. ಅದಕ್ಕೂ ನಕ್ಕರು. ಅವನು ನಿಂತು ಭಾಷಣವನ್ನೇ ಮಾಡಿದ. ಇನ್ನು ಮುಂದೆ ಈ ಸಂಘದಲ್ಲಿ ಕಣ್ಣಿರೋರಿಗೂ ಇಲ್ಲದೋರಿಗೂ ವ್ಯತ್ಯಾಸವೇ ಇಲ್ಲ ಅಂದ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವಾಗ ರಂಜಿನಿ, 'ಸಾ, ಚೀಟಿ ಕೊಡು ಆದ್ಮೇಲೆ ಒಂದ್ ಜಾಗ ಐತೆ. ಅಲ್ಲಿ ಅಕ್ಕ ಮಾತೇ ಆಡಾಕಿಲ್ಲ. ಅಲ್ಲೇನೈತೆ?' ಎಂದು ಕೇಳಿದಳು. ನಿರ್ದೇಶಕರೆಲ್ಲ ಟೀ ಲೋಟ ಹಿಡಿದು ಅವನನ್ನೇ ನೋಡುತ್ತಿದ್ದರು. ಅಲ್ಲೊಂದು ಮಾತಿದೆ, ಅದನ್ನು ಆಡಲು ನನ್ನ ಹೆಂಡತಿ ಹೆದರಿದಳು, ನಾನೂ ಹೆದರಿದೆ ಎಂದು ಹೇಳುವುದೇ? ಆ ಭಾಷಣದ ಬೆನ್ನಿಗೆ? 'ಅಲ್ಲೇನೂ ಇಲ್ಲ' ಅಂದ. 'ಖಾಲಿ ಜಾಗ. ದಾಟಿ ಮುಂದೆ ಹೋಗು.' ಅವಳು ತಲೆಯಾಡಿಸಿದಳು. ಅವಳ ಬೆರಳು ಆ ಜಾಗದ ಮೇಲೆ ಒಂದು ಗಳಿಗೆ ನಿಂತು, ದಾಟಿ ಮುಂದೆ ಹೋಯಿತು.

ನರಸೀಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸಂಘದ ಹೆಂಚಿನ ಕಟ್ಟಡದ ಮುಂದೆ ಚೀಲ ಹಾಸಿಕೊಂಡು ಜನ ಕೂತಿದ್ದರು. ಸದ್ದಿರಲಿಲ್ಲ. ಕೂಗಾಡುತ್ತಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು. ನಾಲೆಗೆ ನೀರು ಬಿಡುವ ಮುಂಚೆ ಭತ್ತದ ಸಸಿಮಡಿ, ಒಟ್ಲು, ಬಿಡಬೇಕು. ಒಳ್ಳೆಯ ಬೀಜ ಮೊದಲು ಹೆಸರು ಬರೆಸಿದವರಿಗೆ, ಕೊನೆಯವರಿಗೆ ಗೋಣಿಯ ತಳದ ಜಳ್ಳು. ಈಗ ಮೊದಲು ಯಾರು ಕೊನೆ ಯಾರು ಎಂಬುದೇ ಅಳಿಸಿಹೋಗಿತ್ತು. ಮೆಟ್ಟಿಲ ಹತ್ತಿರ ನಿಂತಿದ್ದ ಒಬ್ಬಳು ಮುದುಕಿ, ಎಲ್ಲರೂ ದೊಡ್ಡಮ್ಮ ಎಂದು ಸಮಾಧಾನ ಮಾಡುತ್ತಿದ್ದವಳು, ಅವರ ಕೈ ಕೊಡವಿಕೊಂಡು ಬಗ್ಗಿ ಹಿಡಿ ಮಣ್ಣು ಬಾಚಿದಳು. 'ಕೋಳಿ ಕೂಗೋ ಒತ್ಗೆ ಬಂದು ಎಸ್ರು ಬರ್ಸಿದ್ದೆ ಕಣ್ರಪ್ಪ! ಯಾವ ಕೈ ನನ್ ಎಸ್ರ ಅಳಿಸ್ತೋ ಆ ಕೈ ಇರೋ ಮನೇಲಿ ದೀಪ ಉರೀದೆ ಓಗ! ಆ ಮನೇಲಿ ತೊಟ್ಲು ತೂಗ್ದೆ ಓಗ!' ಎಂದು ಕಟ್ಟಡದ ಕಡೆಗೆ ತೂರಿದಳು. ಗಾಳಿಗೆ ಮಣ್ಣು ಚೆದುರಿ ಅಮೃತೇಶನ ಅಂಗಿಯ ಮೇಲೆ ಬಿತ್ತು. ಅವಳು ಕಣ್ಣು ಕಿರಿದುಮಾಡಿ ನೋಡಿ, 'ಅಯ್ಯೋ, ನಿನ್ ಮ್ಯಾಲ್ ಬಿತ್ತಾ ಮಗ? ನೀನ್ಯಾರಪ್ಪ, ರಿಪೇರಿಯವ್ನಾ? ನಮ್ಮಪ್ಪ, ಎಂಗಾರ ಮಾಡಿ ತೆಗ್ದುಕೊಡು' ಎಂದು ತನ್ನ ಸೆರಗಿನಿಂದಲೇ ಅವನ ಎದೆಯ ಮೇಲಿನ ಮಣ್ಣು ಒರೆಸಿದಳು. ಅವನು ಒಳಗೆ ಹೋದ. ಕೊಡವಿದರೂ ಜೇಬಿನ ಹೊಲಿಗೆಯಲ್ಲಿ ಒಂದಿಷ್ಟು ಮಣ್ಣು ಉಳಿದೇ ಇತ್ತು.

ಪುಟ್ಟಬಸವಯ್ಯ ಅವನನ್ನು ಗೊಬ್ಬರದ ಮೂಟೆಗಳ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಮಾಡಿದ. 'ಹಳೇ ಕಾಪಿ ಏನಾದ್ರೂ ಇದೆಯಾ?' 'ಇಲ್ಲ.' 'ಹೋಗ್ಲಿ ಬಿಡಿ, ಹೊಸದಾಗಿ ಬರೆಸ್ಕೊಳೋಣ, ಅರಚ್ತಾರೆ, ಸುಮ್ಮನಾಗ್ತಾರೆ. ಈಗ ನಿರ್ದೇಶಕರು ಕೂತವ್ರೆ. ತಪ್ಪು ಹುಡುಗೀದಾ, ನಿಮ್ಮ ಪ್ರೋಗ್ರಾಂದಾ ಅಂತ ಕೇಳ್ತಾರೆ. ಹುಡುಗೀದು ಅಂದ್ರೆ ಅವಳನ್ನ ಬಿಡಿಸಿ ನಂದಿತನ ಕೂರಿಸ್ತೀವಿ, ಮುಗೀತು. ನಿಮ್ಮದು ಅಂದ್ರೆ ಹೊರಗಡೆ ಇರೋರು ನಿಮ್ಮನ್ನ ಬಿಡ್ತಾರಾ? ನಮ್ಮೋರು ಅಂತ ಮೊದ್ಲೇ ಹೇಳ್ತಾ ಇದೀನಿ.' ಗೊಬ್ಬರದ ಘಾಟಿಗೆ ಅಮೃತೇಶನ ಕಣ್ಣಲ್ಲಿ ನೀರು ಬಂತು. ಹೇಳಿಬಿಡಬೇಕು, ಅಷ್ಟೆ. ಜನ ಬೈಯಬಹುದು, ಸೆಂಟರಿನ ಹೆಸರು ಕೆಡಬಹುದು, ಅದೆಲ್ಲ ಏನು ಮಹಾ ಎಂದು ಅವನು ನಿಜವಾಗಿಯೂ ಗಟ್ಟಿಮಾಡಿಕೊಂಡ. ಜೇಬಿನ ಹತ್ತಿರ ಕೈ ಹೋಯಿತು. ಬೆರಳಿಗೆ ಮಣ್ಣು ತಾಕಿತು. ತೊಟ್ಟಿಲು ಎಂದಳಲ್ಲ ಮುದುಕಿ. ಎಷ್ಟೊಂದು ಶಾಪಗಳಿವೆ, ಅದನ್ನೇ ಯಾಕೆ ಆರಿಸಿದಳು? ಆ ಶಾಪಕ್ಕೆ ಇನ್ನೂ ಮನೆ ಗೊತ್ತಿರಲಿಲ್ಲ. ಯಾರದು ಆ ಕೈ ಎಂದು ಬಾಗಿಲಲ್ಲೇ ಕೂತು ಕಾಯುತ್ತಿತ್ತು. ನನ್ನದು ಎಂದು ತಾನೇ ಒಪ್ಪಿಕೊಂಡರೆ ಅದು ಬಸ್ಸು ಹತ್ತಿ ನೆಟ್ಟಗೆ ನಂಜನಗೂಡಿಗೆ ಬರುತ್ತದೆ. ಛೇ, ನೀನು ಓದಿದವನೇನೋ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡದ್ದರಿಂದ ಕಾಲ್ಬೆರಳು ಬೆಚ್ಚಗಾಗಲಿಲ್ಲ.

ಸಭೆಯ ಕೋಣೆಯಲ್ಲಿ ರಂಜಿನಿ ಕುರ್ಚಿಯಲ್ಲಿರಲಿಲ್ಲ, ಗೋಡೆಯ ಪಕ್ಕದ ಬೆಂಚಿನ ಮೇಲಿದ್ದಳು. ಹುಚ್ಚಯ್ಯ ಅವಳ ಹಿಂದೆ ಟವೆಲು ಕೈಯಲ್ಲಿ ಹಿಡಿದು ನಿಂತಿದ್ದ. ಕೂರು ಎಂದು ಯಾರೂ ಹೇಳಿರಲಿಲ್ಲ, ಅವನೂ ಕೂರುವವನಲ್ಲ. ನಂದಿತಾ ಮೆಷಿನ್ನಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಅಮೃತೇಶನ ಹೆಜ್ಜೆ ಕೇಳಿ ರಂಜಿನಿಯ ಮುಖ ಅರಳಿತು. 'ಬಂದ್ರಾ ಸಾ? ಸಾ ಬರ್ಲಿ, ಅವ್ರೇ ಎಲ್ಲ ಯೋಳ್ತಾರೆ ಅಂದೆ ಇವ್ರಿಗೆ. ಬೆಳಗ್ಗೆ ಕರೆಂಟು ಓಗಿ ಬಂತು ಸಾ. ಆಮೇಲೆ ಅಕ್ಕನ್ ದನಿ ತೊದಲ್ತಾ ಇತ್ತು. ಮೆಷಿನ್ನು ಕೈಗ್ ಸಿಕ್ತೈತಾ ಇಲ್ವಾ ನೋಡಾಣ ಅನ್ನಿಸ್ತು. ಎಸ್ರುಗಳ ಮ್ಯಾಲೆ ಒತ್ತಿದ್ರೆ ಏನಾರ ಕೆಟ್ಟೋದಾತು ಅಂತ ಭಯ. ಅದ್ಕೆ ಆ ಖಾಲಿ ಜಾಗ ಐತಲ್ಲ, ಅಲ್ಲೇನೂ ಇಲ್ಲ ಅಂದಿದ್ರಲ್ಲ ನೀವು, ಅಲ್ಲಿ ಒತ್ತಿದ್ರೆ ಯಾರ್ಗೂ ತೊಂದ್ರೆಯಿಲ್ಲ ಅಂತ ಅಲ್ಲೇ ಒತ್ತಿ ನೋಡ್ದೆ. ಸದ್ದಿಲ್ಲ. ಇನ್ನೊಂದ್ ದಪ ಒತ್ತಿದೆ.' ಪುಟ್ಟಬಸವಯ್ಯ ಗಂಟಲು ಸರಿಮಾಡಿಕೊಂಡು, ಮಾಡಿ ತೋರಿಸಿ ಎಂದ. ಅಮೃತೇಶ ನಿಂತೇ ಕೀಲಿ ಒತ್ತಿದ. ಹೊಸ ಹೆಸರು, ಅಂದಳು ಮಂಗಳಗೌರಿ. ಹುಡುಕು. ಉಳಿಸು. ಮುಂದಿನವರು. ಚೀಟಿ ಕೊಡು. ಕಂಬಳಿ ಕಟ್ಟಿದ ನಡುಮನೆ, ಅವಳ ಕುತ್ತಿಗೆಯ ಬೆವರು, ನಗು ತಡೆದುಕೊಂಡ ತುಟಿ ಎಲ್ಲ ಒಂದು ಗಳಿಗೆ ಆ ಕೋಣೆಗೆ ಬಂದವು. ಮತ್ತೊಮ್ಮೆ ಒತ್ತಿದ. ಫ್ಯಾನಿನ ಸದ್ದು ಮಾತ್ರ. ಪರದೆಯ ಮೇಲೆ ಕಸದ ಬುಟ್ಟಿಯ ಸುತ್ತ ಒಂದು ಚುಕ್ಕಿಯ ಗೆರೆ ಮೂಡಿತ್ತು, ಅದನ್ನು ಕಣ್ಣಿದ್ದವರೆಲ್ಲ ನೋಡಿದರು.

'ಇಲ್ಲಿ ಇಂಥಾದ್ದಿದೆ, ಒತ್ತಬೇಡ ಅಂತ ಈಕೆಗೆ ನೀವು ಹೇಳಿದ್ರಾ, ಹೇಳಿರ್ಲಿಲ್ವಾ? ಅಷ್ಟು ಹೇಳಿ ಸಾಕು' ಎಂದ ಪುಟ್ಟಬಸವಯ್ಯ. ಕಿಟಕಿಯ ಸರಳುಗಳಾಚೆ ದೊಡ್ಡಮ್ಮನ ಮುಖ ಬಂದು ನಿಂತಿತ್ತು. 'ಯಾರ್ ಕೈಯಂತೆ? ಗೊತ್ತಾಯ್ತಾ ಯಾರ್ ಕೈಯಂತೆ?' ಎಂದು ಕೇಳುತ್ತಿದ್ದಳು. ಸರಳು ಹಿಡಿದಿದ್ದ ಬೆರಳಲ್ಲಿ ಇನ್ನೂ ಮಣ್ಣಿತ್ತು. ಅಮೃತೇಶ ರಂಜಿನಿಯ ಕಡೆ ನೋಡಿದ. ಅವಳು ನಿಶ್ಚಿಂತೆಯಿಂದ ಕಾಯುತ್ತಿದ್ದಳು. ಉತ್ತರ ಏನೆಂದು ಅವಳಿಗೆ ಗೊತ್ತಿತ್ತಲ್ಲ. 'ಹೇಳಿದ್ದೆ' ಎಂದ. ತನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸಿತು. 'ಅಲ್ಲಿ ಒತ್ತಬೇಡ ಅಂತ ಹೇಳಿದ್ದೆ.'

ಹುಚ್ಚಯ್ಯನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, 'ನನ್ ಮಗ್ಳು ಸುಳ್ಳಾಡಾಕಿಲ್ಲ ಸಾ. ಬ್ಯಾರೆ ಏನಾರ ಅನ್ನಿ, ಅವ್ಳು ಸುಳ್ಳಾಡಾಕಿಲ್ಲ' ಎಂದು ಒಬ್ಬೊಬ್ಬರ ಕಡೆಗೂ ತಿರುಗಿ ಹೇಳತೊಡಗಿದ. ಯಾರೋ, ಆಯ್ತು ಬಿಡಪ್ಪ ಅಂದರು. ಇನ್ನೊಬ್ಬರು, ಕಣ್ಣಿಲ್ಲದೋರಿಗೆ ಇಂಥ ಕೆಲಸ ಕೊಟ್ಟಿದ್ದು ನಮ್ದೇ ತಪ್ಪು ಅಂದರು. ರಂಜಿನಿ ಮಾತ್ರ ಅಲ್ಲಾಡಲಿಲ್ಲ. ಅವಳ ಮುಖ ಅಮೃತೇಶನ ಕಡೆಗೇ ಇತ್ತು, ನೋಟವಿಲ್ಲದ ಆ ಮುಖದಿಂದ ತಪ್ಪಿಸಿಕೊಳ್ಳಲು ಅವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದ. ಮುಖವೂ ಅಷ್ಟೇ ತಿರುಗಿತು. ಆಮೇಲೆ ಅವಳು ಎದ್ದು, ಕೋಲು ಹುಡುಕಿಕೊಂಡು, ಅವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ ಅಂದಳು: 'ನಾನ್ ಮಣ್ಣು ತೂರಾಕಿಲ್ಲ ಸಾ. ಅಕ್ಕ ಬಸ್ರಿ.'

ಇಷ್ಟಾದ ಮೇಲೂ ಕೆಲಸ ಉಳಿದಿತ್ತು. 'ಇನ್ನು ಆ ಹೆಂಗಸಿನ ದನಿ ಯಾಕೆ? ನಂದಿತಂಗೆ ಕಣ್ಣಿದೆ. ಕಿವಿ ಹತ್ರ ಅದೊಂದು ಗಲಾಟೆ, ಜಾಗಾನೂ ತಿನ್ನುತ್ತೆ. ತೆಗೆದುಬಿಡಿ' ಎಂದ ಪುಟ್ಟಬಸವಯ್ಯ, ಕಾಫಿಗೆ ಹೇಳಿ ಕಳಿಸುತ್ತ. ಅಮೃತೇಶ ಕುರ್ಚಿಯಲ್ಲಿ ಕೂತ. ಅದು ಇನ್ನೂ ಬೆಚ್ಚಗಿದೆಯೇನೋ ಅನ್ನಿಸಿತು. ಬಾಗಿಲ ತನಕ ಹೋಗಿದ್ದ ರಂಜಿನಿ ನಿಂತಳು. 'ಸಾ, ತೆಗೆಯಾಕ್ ಮುಂಚೆ ಕೊನೇದು ಒಂದ್ ದಪ ಒತ್ತೀರಾ?' ಬೇಡ ಎನ್ನುವುದಕ್ಕೆ ಅವನಿಗೆ ಕಾರಣ ಸಿಗಲಿಲ್ಲ. ಒತ್ತಿದ. 'ನಾಳೆ ಬರ್ತೀನಿ' ಅಂದಳು ಮಂಗಳಗೌರಿ. 'ಬನ್ನಿ ಅಕ್ಕ' ಅಂದಳು ರಂಜಿನಿ, ದಿನಾ ಸಂಜೆ ಅನ್ನುತ್ತಿದ್ದ ಹಾಗೆಯೇ. ಹುಚ್ಚಯ್ಯ ಅವಳ ಭುಜ ಹಿಡಿದು ಮೆಟ್ಟಿಲಿಳಿಸಿದ. ಹೊರಗೆ ಜನ ಸರಿದು ದಾರಿ ಬಿಟ್ಟರು. ದೊಡ್ಡಮ್ಮ ಮತ್ತೆ ಬಗ್ಗಿದಳೋ ಇಲ್ಲವೋ ನೋಡಲಾರದೆ ಅಮೃತೇಶ ಪರದೆಯ ಕಡೆ ತಿರುಗಿದ. ದನಿಗಳೆಲ್ಲ ಒಂದೇ ಕಡೆ ಸಾಲಾಗಿದ್ದವು. ಮೌಸಿನಿಂದ ಅಷ್ಟನ್ನೂ ಒಟ್ಟಿಗೆ ಬಳಸಿ ಹಿಡಿದ. ನಡುಮನೆಯ ಆ ಮಧ್ಯಾಹ್ನ, ಕಾಗುಣಿತ, ತಡೆದುಕೊಂಡ ನಗು, ಎಲ್ಲ ಒಂದು ನೀಲಿ ಪಟ್ಟಿಯೊಳಗೆ ಬಂತು. ಕೀಲಿ ಒತ್ತಿದ. ಅಳಿಸಲೇ ಎಂದು ಮೆಷಿನ್ನು ಸದ್ದಿಲ್ಲದೆ ಕೇಳಿತು. ಅವ್ವ ಬೇಡವೆಂದ ಮಾತು ಅವನ ಬಾಯಿಂದ ಹೊರಡಲೇಬೇಕಾಗಿರಲಿಲ್ಲ. ಒಂದು ಬೆರಳು ಸಾಕಾಯಿತು. ಹೌದು ಎಂದು ಒತ್ತಿದ. ಆಮೇಲೆ ಪರೀಕ್ಷೆಗೆಂದು ಚಿತ್ರದಿಂದ ಚಿತ್ರಕ್ಕೆ ಸರಿದು ನೋಡಿದ. ಎಲ್ಲೂ ಏನೂ ಕೇಳಿಸಲಿಲ್ಲ.

ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಮನೆಯ ನಂಬರು ಒತ್ತಿದ. ಫೋನು ಎತ್ತಿದ್ದು ಮಂಗಳಗೌರಿಯೇ. 'ಹಲೋ' ಎಂದಳು. ಇದೆ, ದನಿ ಇದೆ ಎಂದು ಅವನು ಗಾಜಿಗೆ ಹಣೆ ಒರಗಿಸಿದ. 'ಎಲ್ಲ ಸರಿಹೋಯ್ತಾ?' 'ಹೂಂ.' 'ರಂಜಿನಿ?' 'ನಿನ್ನ ಕೇಳಿದ್ಲು.' ಆ ಕಡೆ ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. 'ರೀ, ಮಧ್ಯಾಹ್ನದಿಂದ ಮಗು ಅಲ್ಲಾಡೇ ಇಲ್ಲ. ಬೆಳಿಗ್ಗೆ ನೀವು ಹೊರಟಾಗ ಒದೀತಿತ್ತು. ಅವ್ವ, ನಿದ್ದೆ ಹೋಗಿರುತ್ತೆ ಬಿಡು ಅಂತಾರೆ. ಏನೂ ಇಲ್ಲ ತಾನೆ? ನೀವೊಂದ್ಸಲ ಹೇಳಿಬಿಡಿ, ಏನೂ ಇಲ್ಲ ಅಂತ. ನೀವು ಹೇಳಿದ್ರೆ ನಂಗೆ ಸಮಾಧಾನ.' ಅವನು ಬಾಯಿ ತೆರೆದ. ಹೊರಗೆ ನಂಜನಗೂಡಿನ ಬಸ್ಸು ಹಾರನ್ ಹೊಡೆಯುತ್ತಿತ್ತು. ಗೋಡೆಯ ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು.

'ಹಲೋ? ಕೇಳಿಸ್ತಾ ಇದೆಯಾ?' ಎಂದಳು ಮಂಗಳಗೌರಿ. 'ಯಾಕ್ರೀ ಮಾತೇ ಆಡ್ತಿಲ್ಲ?'